ಫಾಸ್ಟ್ ಲೋಕಲ್‌ನಿಂದ ಕಂಡ ಗೋಡೆ

ಇವತ್ತು ಬೆಳಿಗ್ಗೆ ಎಂದಿನಂತೆ ಹಾಲಿನ ಪ್ಯಾಕೆಟ್ ತೊಳೆದು, ಒಂದನ್ನು ಒಲೆಯ ಮೇಲಿಟ್ಟು, ಬಾಲ್ಕನಿಯ ಕಟ್ಟೆಯಲ್ಲಿ ಪಾರಿವಾಳಗಳು ಮಾಡಿಟ್ಟಿದ್ದ ಗಲೀಜನ್ನು ಒರೆಸಿದೆ. ಇವರಿಗೆ ಚಹಾ ಕೊಟ್ಟೆ. ಪೇಪರಿನ ಹಿಂದಿನಿಂದ ಒಂದು ಕೈ ಬಂದು ಕಪ್ಪನ್ನು ತೆಗೆದುಕೊಂಡಿತು. ಆಮೇಲೆ ಡಾಕ್ಟರು ಹೇಳಿದ್ದು ನೆನಪಾಗಿ, ಅಗಸೆ ಬೀಜದ ಪೊಟ್ಟಣ ಒಡೆದು ಸಣ್ಣ ಬಾಣಲೆಯಲ್ಲಿ ಹುರಿಯತೊಡಗಿದೆ. ಹೃದಯಕ್ಕೆ ಒಳ್ಳೆಯದಂತೆ, ದಿನಕ್ಕೊಂದು ಚಮಚ. ಬೀಜ ಚಟಪಟ ಎಂದು ಹಾರತೊಡಗಿ ಅದರ ಎಣ್ಣೆಯ ಘಾಟು ಏಳುತ್ತಲೇ ಸೌಟು ಹಿಡಿದ ಕೈ ನಿಂತುಬಿಟ್ಟಿತು.

ಪೇಂಟರ್ ಕಾಕಾನ ಕೋಣೆಯ ವಾಸನೆ ಅದು...

ಅರವತ್ತರ ದಶಕದ ಕೊನೆಯಲ್ಲಿ ನಾನು ಮದುವೆಯಾಗಿ ಮುಂಬೈಯ ಪರೇಲಿನಲ್ಲಿ ಸಾಲು ಕೋಣೆಗಳ ಚಾಳಿಗೆ ಬಂದಾಗ, ನಮ್ಮದೇ ಮಹಡಿಯ ಕೊನೆಯ ಕೋಣೆಯಲ್ಲಿ ಅವರೊಬ್ಬರೇ ಇದ್ದರು. ವಿಜಾಪುರದ ಕಡೆಯವರು. ಹೆಂಡತಿ ತೀರಿಕೊಂಡು ಬಹಳ ವರ್ಷವಾಗಿತ್ತು, ಮಗಳನ್ನು ಊರಿನಲ್ಲೇ ಮದುವೆ ಮಾಡಿ ಕೊಟ್ಟಿದ್ದರು. ಅವರು ಸಿನಿಮಾ ಹೋರ್ಡಿಂಗ್ ಬರೆಯುವ ಶೆಡ್ಡೊಂದರಲ್ಲಿ ಕೆಲಸಕ್ಕಿದ್ದರು. ಬಣ್ಣದ ಪುಡಿಯನ್ನು ಅಗಸೆ ಎಣ್ಣೆಯಲ್ಲಿ ಕಲೆಸಿ ಕಲೆಸಿ ಅವರ ಅಂಗಿ, ಹಾಸಿಗೆ, ಕೊನೆಗೆ ಅವರು ಕೊಡುವ ಚಹಾಕ್ಕೂ ಆ ವಾಸನೆ ಹತ್ತಿಕೊಂಡಿತ್ತು. ನಾನೊಮ್ಮೆ ಮೂಗು ಮುಚ್ಚಿಕೊಂಡದ್ದನ್ನು ನೋಡಿ ನಕ್ಕಿದ್ದರು. "ನಮ್ಮೂರಾಗ ಅಗಸಿ ಹಿಂಡಿ ರೊಟ್ಟಿಗೆ ಹಚ್ಕೊಂಡು ತಿಂತೀವಿ ತಂಗಿ. ಮುಂಬೈ ಮಂದಿ ಅದನ್ನ ಹೀರೋಯಿನ್ ಗಲ್ಲಕ್ಕ ಹಚ್ಚಸ್ತಾರ."

ನಾನು ಮಂಗಳೂರಿನ ಕಾನ್ವೆಂಟಿನಲ್ಲಿ ಓದಿದವಳು. ಅಲ್ಲಿನ ಸಿಸ್ಟರು ನಮಗೆ ಹೂದಾನಿ, ಹೂದಾನಿಯಲ್ಲಿ ಮೂರು ಹೂ, ಇಷ್ಟನ್ನು ವಾಟರ್ ಕಲರಿನಲ್ಲಿ ಬರೆಯಲು ಕಲಿಸಿದ್ದರು. ಪೆನ್ಸಿಲ್ ಗೆರೆ ದಾಟಿ ಬಣ್ಣ ಹೋಗಬಾರದು. ಚಿತ್ರಕಲೆ ಎಂದರೆ ಗೆರೆ ದಾಟದಿರುವುದು ಎಂದೇ ನಾನು ತಿಳಿದಿದ್ದೆ. ಮದುವೆಯಾದ ವರ್ಷ ಒಂದು ಭಾನುವಾರ ಕಾಕಾ ನಮ್ಮಿಬ್ಬರನ್ನೂ ತಮ್ಮ ಶೆಡ್ಡಿಗೆ ಕರೆದುಕೊಂಡು ಹೋದರು. ಒಳಗೆ ಹೋದರೆ ನನ್ನ ಎದುರಿಗೆ ಹಸಿರು, ನೇರಳೆ, ಇಟ್ಟಿಗೆ ಕೆಂಪು. ದೋಸೆಯ ಹಿಟ್ಟನ್ನು ಸೌಟಿನಿಂದ ಎಳೆದ ಹಾಗೆ ದಪ್ಪ ದಪ್ಪ ಪಟ್ಟೆಗಳು. ಇದೇನು ಎಂದು ಕೇಳಿದೆ. ಕಾಕಾ ಕೈ ಬೀಸಿ, "ಭಾಳ ಹತ್ರ ನಿಂತಿ. ಹಿಂದ ಸರಿ," ಎಂದರು. ಸರಿದೆ. ಇನ್ನೂ ಎಂದರು. ಹೊಸ್ತಿಲು ದಾಟಿ ರಸ್ತೆಗೇ ಬಂದುಬಿಟ್ಟೆ. ತಿರುಗಿ ನೋಡಿದರೆ ಒಬ್ಬಳು ಹೆಂಗಸು ನನ್ನನ್ನೇ ನೋಡುತ್ತಿದ್ದಾಳೆ, ಈಗಷ್ಟೇ ಅತ್ತು ಮುಗಿಸಿದ ಕಣ್ಣು! ಆ ಹಸಿರು ಅವಳ ಕೆನ್ನೆಯ ನೆರಳಾಗಿತ್ತು. ಹಿಂದಿನಿಂದ ಬಂದ ಕೈಗಾಡಿಯವನು ಬೈದಾಗಲೇ ನಾನು ರಸ್ತೆಯ ನಡುವೆ ನಿಂತಿದ್ದೇನೆಂದು ಗೊತ್ತಾದದ್ದು.

ಪಿಕ್ಚರ್ ಬದಲಾದ ಕೂಡಲೇ ಆ ಹೋರ್ಡಿಂಗಿನ ಬಟ್ಟೆಗೆ ಬಿಳಿ ಬಳಿದು ಇನ್ನೊಂದು ಮುಖ ಬರೆಯುತ್ತಿದ್ದರು. ಬಳಿದು ಬಳಿದು ಬಟ್ಟೆ ದಪ್ಪವಾಗಿ ಮಡಚಲು ಬಾರದಂತಾದಾಗ ಮಾರಿಬಿಡುತ್ತಿದ್ದರು. ಕುರ್ಲಾದ ಹತ್ತಿರ ಹಳಿಯ ಪಕ್ಕದ ಜೋಪಡಿಗಳ ಮಾಡಿನ ಮೇಲೆ ಅವು ಕಾಣುತ್ತಿದ್ದವು. ಒಂದರ ಮೇಲೆ ಅರ್ಧ ಹುಬ್ಬು, ಇನ್ನೊಂದರ ಮೇಲೆ ತುಟಿಯ ಕೊನೆ, ಮತ್ತೊಂದರ ಮೇಲೆ ಬರೀ ಕೆಂಪು. ಕಾಕಾ ಜೊತೆಯಲ್ಲಿದ್ದಾಗ ಅವು ಮರೆಯಾಗುವವರೆಗೂ ನೋಡುತ್ತಿದ್ದರು.

ಎಪ್ಪತ್ತರ ದಶಕ ಶುರುವಾದ ಮೇಲೆ ಚಾಳಿನ ಕೋಣೆಗಳ ಮುಂದಿನ ಗ್ಯಾಲರಿಯ ಎದುರಿಗೆ ಸ್ವಲ್ಪ ದೂರದಲ್ಲಿ ಒಂದು ಆಫೀಸಿನ ಕಟ್ಟಡ ಎದ್ದಿತು. ಸುಣ್ಣವಿಲ್ಲ, ಕಮಾನಿಲ್ಲ, ಹೂಬಳ್ಳಿಯ ಕೆತ್ತನೆ ಮೊದಲೇ ಇಲ್ಲ. ಬರೀ ಕಾಂಕ್ರೀಟಿನ ಚೌಕಗಳು, ಬಿಸಿಲು ತಡೆಯಲು ಕಿಟಕಿಗಳ ಮೇಲೆ ಚಾಚಿಕೊಂಡ ಅಡ್ಡ ಪಟ್ಟಿಗಳು. ಚಾಳಿನವರೆಲ್ಲ ಅದಿನ್ನೂ ಮುಗಿದಿಲ್ಲ ಎಂದೇ ತಿಳಿದಿದ್ದರು. ಮುಗಿದಿದೆ ಎಂದು ಗೊತ್ತಾದಾಗ ಸೆಂಟ್ರಲ್ ಜೈಲು ಎಂದು ಹೆಸರಿಟ್ಟರು. ಕಾಕಾ ಮಾತ್ರ ರಜೆಯ ದಿನ ಸ್ಟೂಲು ಹಾಕಿಕೊಂಡು ಬೆಳಗಿನಿಂದ ಅದನ್ನೇ ನೋಡುತ್ತಾ ಕೂರುತ್ತಿದ್ದರು. ಒಮ್ಮೆ ನನ್ನನ್ನು ಕರೆದು ತೋರಿಸಿದರು. ಪಟ್ಟಿಗಳ ನೆರಳು ಬೆಳಿಗ್ಗೆ ಒಂದು ಕಡೆ ಓರೆಯಾಗಿ ಬೀಳುತ್ತಿತ್ತು, ಮಧ್ಯಾಹ್ನಕ್ಕೆ ಮೊಂಡಾಗಿ ಕಿಟಕಿಯೊಳಗೆ ಅಡಗುತ್ತಿತ್ತು, ಸಂಜೆ ಉದ್ದಕ್ಕೆ ಇಳಿಯುತ್ತಿತ್ತು. ಬಣ್ಣವಿಲ್ಲದ ಗೋಡೆ ದಿನವಿಡೀ ಬಣ್ಣ ಬದಲಿಸುತ್ತಿತ್ತು. ಆಮೇಲೆ ನಾನೂ ಬೇಳೆ ಆರಿಸಲು ಮೊರ ಹಿಡಿದು ಅಲ್ಲೇ ಕೂರತೊಡಗಿದೆ.

ಕಾಕಾಗೆ ವಯಸ್ಸಾಗಿ ಶೆಡ್ಡಿನ ಕೆಲಸ ಬಿಟ್ಟ ವರ್ಷ ಬೇಸಿಗೆಯಲ್ಲಿ ನಮ್ಮ ಚಾಳಿನ ಹಿಂಬದಿಯ ಗೋಡೆಗೆ ಹೊಸ ಗಾರೆ ಮಾಡಿಸಿದರು. ಕಿಟಕಿಯೇ ಇಲ್ಲದ ದೊಡ್ಡ ಗೋಡೆ ಅದು. ಅದಕ್ಕೂ ರೈಲ್ವೆಯ ಕಾಂಪೌಂಡಿಗೂ ನಡುವೆ ಇಬ್ಬರು ಜೊತೆಯಾಗಿ ನಡೆಯಲಾರದಷ್ಟು ಕಿರಿದಾದ ಗಲ್ಲಿ. ಹೋಗಿ ಬರುವ ಗಂಡಸರೆಲ್ಲ ಅಲ್ಲೇ ನಿಂತುಬಿಡುತ್ತಿದ್ದರು, ನಾತಕ್ಕೆ ಕೆಳಗಿನ ಕೋಣೆಯವರು ಬಾಗಿಲು ತೆಗೆಯುವ ಹಾಗಿರಲಿಲ್ಲ. ದೇವರ ಚಿತ್ರವಿದ್ದರೆ ಯಾರೂ ಗಲೀಜು ಮಾಡುವುದಿಲ್ಲವಲ್ಲ, ಹಾಗಾಗಿ ಚಾಳ್ ಕಮಿಟಿಯ ಸೆಕ್ರೆಟರಿ ಕಾಕಾನಿಗೆ ಗೋಡೆಯನ್ನು ವಹಿಸಿದರು. ಯಾವ ದೇವರು ಎಂದು ಅವರು ಹೇಳಲಿಲ್ಲ, ಕಾಕಾ ಕೇಳಲಿಲ್ಲ. ಬಣ್ಣ ಹಚ್ಚುತ್ತೇನೆ ಎಂದಷ್ಟೇ ಹೇಳಿದರು. ಶೆಡ್ಡಿನಲ್ಲಿ ಉಳಿದ ಡಬ್ಬಿಗಳನ್ನು ಕೇಳಿ ತಂದರು. ಗಾರೆಯವರು ಕಟ್ಟಿದ್ದ ಬಿದಿರಿನ ಅಟ್ಟಣಿಗೆಯನ್ನು ಬೆಳಿಗ್ಗೆ ನಿಧಾನವಾಗಿ ಹತ್ತುವರು, ಬಿಸಿಲೇರಿದಾಗ ಇಳಿಯುವರು.

ಬಿದಿರು ಬಿಚ್ಚಿದ ದಿನ ಚಾಳಿಗೆ ಚಾಳೇ ಗಲ್ಲಿಯಲ್ಲಿ ಕತ್ತು ಎತ್ತಿ ನಿಂತಿತು. ಗಣಪತಿ ಇಲ್ಲ, ಸಾಯಿಬಾಬಾ ಇಲ್ಲ. ತಲೆಯ ಮೇಲೆ ಬರೀ ಕೆಂಪಿನ ಹರವು, ನೀಲಿಯ ದೊಡ್ಡ ತುಂಡು, ಅದನ್ನು ಕಡಿದ ಹಾಗೆ ಕರಿಯ ಪಟ್ಟಿ, ಒಂದಿಷ್ಟು ಅರಿಸಿನ. ಮೊದಲು ನಗೆ, ಉಪ್ಪಿನಕಾಯಿ ಭರಣಿ ಒಡೆದಿದೆ ಎಂದು ಯಾರೋ ಅಂದರು. ಆಮೇಲೆ ಸಿಟ್ಟು. ಈ ಬಣ್ಣಕ್ಕೆ ಹೆದರಿ ಯಾವನು ಮುಂದಕ್ಕೆ ಹೋಗುತ್ತಾನೆ ಎಂದು ಸೆಕ್ರೆಟರಿ ಕೇಳಿದ್ದರಲ್ಲಿ ತಪ್ಪೇನೂ ಇರಲಿಲ್ಲ. ಬರುವ ಭಾನುವಾರ ಸುಣ್ಣ ಹೊಡೆಸುವುದೆಂದು ತೀರ್ಮಾನವಾಯಿತು.

ಕಾಕಾ ವಾದ ಮಾಡಲಿಲ್ಲ. ಆ ಸಂಜೆ ಚಹಾ ಕೊಡಲು ಹೋದಾಗ ಸೀಮೆಎಣ್ಣೆಯ ಬಟ್ಟೆಯಿಂದ ಉಗುರಿನ ಬಣ್ಣ ತೆಗೆಯುತ್ತಾ ಕೂತಿದ್ದರು. "ಇಷ್ಟು ವರ್ಷ ಬರದದ್ದೆಲ್ಲಾ ಪಿಕ್ಚರ್ ಬದ್ಲಿ ಆದ ಶುಕ್ರವಾರ ಅಳಸಾಕಂತನ ಬರದದ್ದು. ಇದೊಂದು ಉಳೀತೈತಿ ಅಂದ್ಕೊಂಡಿದ್ನಿ ತಂಗಿ," ಎಂದರು. ನಿಜ ಹೇಳಬೇಕೆಂದರೆ ಗಲ್ಲಿಯಲ್ಲಿ ನಿಂತಾಗ ನನಗೂ ಏನೂ ಕಂಡಿರಲಿಲ್ಲ.

ಆ ವಾರವೇ ಕುರ್ಲಾದಲ್ಲಿ ನನ್ನ ನಾದಿನಿಯ ಸೀಮಂತ. ರಾತ್ರಿ ಅಲ್ಲೇ ಉಳಿದು ಬೆಳಿಗ್ಗೆ ಹೊರಟೆ. ಸ್ಟೇಷನ್ನಿನ ನೂಕುನುಗ್ಗಲಿನಲ್ಲಿ ಲೇಡೀಸ್ ಡಬ್ಬಿಗೆ ನಾನು ಹತ್ತಿದೆನೋ, ಜನ ಹತ್ತಿಸಿದರೋ, ಅಂತೂ ದಾದರ್ ದಾಟಿದ ಮೇಲೆ ತಿಳಿಯಿತು: ನಾನಿರುವುದು ಪರೇಲಿನಲ್ಲಿ ನಿಲ್ಲದ ಫಾಸ್ಟ್ ಲೋಕಲ್. ನಮ್ಮ ಚಾಳಿನವರು ಯಾವಾಗಲೂ ಸ್ಲೋ ಗಾಡಿಯವರು. ಅದರ ಹಳಿ ನಮ್ಮ ಗೋಡೆಗೆ ಅಂಟಿಕೊಂಡಂತೆ ಇತ್ತು, ಕಿಟಕಿಯಿಂದ ನೋಡಿದರೆ ಗೋಡೆ ಸರ್ರನೆ ಹಿಂದಕ್ಕೆ ಹೋಗುತ್ತಿತ್ತು. ಫಾಸ್ಟ್ ಗಾಡಿ ಹೋಗುವುದು ಬೇರೆ ಹಳಿಗಳನ್ನೆಲ್ಲ ದಾಟಿ, ಆ ಅಂಚಿನಲ್ಲಿ. ಮುಂದಿನ ನಿಲುಗಡೆ ಬೈಕಳಾದಿಂದ ವಾಪಸು ಬರಬೇಕಲ್ಲ ಎಂದು ಬೈದುಕೊಳ್ಳುತ್ತಾ ಬಾಗಿಲಿಗೆ ಬಂದು ನಿಂತೆ. ಸಿಗ್ನಲ್ ಸಿಗದೆ ಗಾಡಿ ನಿಂತಿತು.

ಎದುರಿಗೆ ನಮ್ಮ ಗೋಡೆ.

ಅದನ್ನು ಹೇಗೆ ಹೇಳಲಿ... ಅದು ಯಾವುದರ ಚಿತ್ರವೂ ಆಗಿರಲಿಲ್ಲ, ದೂರ ಬಂದಮೇಲೂ ಆಗಲಿಲ್ಲ. ಆದರೆ ಗೋಡೆ ಗೋಡೆಯಾಗಿ ಉಳಿದಿರಲಿಲ್ಲ. ನೀಲಿ ಒಳಕ್ಕೆ, ಬಹಳ ಒಳಕ್ಕೆ ಹೋಗಿತ್ತು, ನಮ್ಮ ಕೋಣೆಗಳು, ಒಲೆಗಳು, ಹಾಸಿಗೆಗಳು ಇರಬೇಕಾದಲ್ಲಿ ಆಳವಾದ ನೆರಳು. ಕೆಂಪು ಅದರಿಂದ ಹೊರಕ್ಕೆ ಬಂದು ಹಳಿಗಳ ಮೇಲೆ ನಿಂತಂತಿತ್ತು. ಕರಿಯ ಪಟ್ಟಿಗಳ ನಡುವೆ ಅರಿಸಿನ ಬಣ್ಣ ಬೆಳಗಿನ ಬಿಸಿಲಿನ ಹಾಗೆ ಓರೆಯಾಗಿ ಬಿದ್ದಿತ್ತು. ಎದುರಿನ ಆಫೀಸ್ ಕಟ್ಟಡದ ಮೇಲೆ ಬೀಳುವ ಹಾಗೆಯೇ. ಇಡೀ ಚಾಳು ಉಸಿರೆಳೆದುಕೊಳ್ಳುತ್ತಿದೆ ಅನ್ನಿಸಿತು. ಪಕ್ಕದಲ್ಲಿ ಮೀನು ಮಾರುವ ಹೆಂಗಸೊಬ್ಬಳು ಬುಟ್ಟಿ ಕೆಳಗಿಟ್ಟು ನೋಡುತ್ತಿದ್ದಳು. ನಾನು ಕಾನ್ವೆಂಟಿನ ಚಾಪೆಲಿನಲ್ಲಿ ಮಾಡುತ್ತಿದ್ದಂತೆ ತಿಳಿಯದೆಯೇ ತಲೆಯ ಮೇಲೆ ಸೆರಗು ಎಳೆದುಕೊಂಡಿದ್ದೆ. ಗಾಡಿ ಹೊರಟಿತು.

ಮನೆಗೆ ಬಂದವಳು ಚೀಲ ಇಡದೆ ಕಾಕಾನ ಬಾಗಿಲಿಗೆ ಹೋದೆ. ಅವರು ಪೂರ್ತಿ ಕೇಳಿ, ಒಂದೇ ಪ್ರಶ್ನೆ ಕೇಳಿದರು. "ಕೆಂಪು ಮುಂದ ಬಂತೇನು?"

"ಬಂತು ಕಾಕಾ. ಹಳಿಯವರೆಗೂ ಬಂತು."

ಅವರು ಕೈಯಲ್ಲಿದ್ದ ಸೀಮೆಎಣ್ಣೆಯ ಬಟ್ಟೆಯನ್ನು ಮಡಚಿ ಪಕ್ಕಕ್ಕಿಟ್ಟರು. ಗಲ್ಲಿಯಲ್ಲಿ ಹಿಂದೆ ಸರಿಯಲು ಜಾಗವಿಲ್ಲ ಎನ್ನುವುದು ಅವರ ತಲೆಗೇ ಹೊಳೆದಿರಲಿಲ್ಲ. ಜೀವಮಾನವೆಲ್ಲ ರಸ್ತೆಯ ಆಚೆ ನಿಂತವರಿಗಾಗಿ ಬರೆದ ಕೈ. ನೀವೂ ಬಂದು ನೋಡಿ ಎಂದರೆ ಒಪ್ಪಲಿಲ್ಲ. "ನೋಡಿದ್ರ ಕೈ ತಡಿಯೂದಿಲ್ಲ. ಮತ್ತ ಬ್ರಷ್ ಹಿಡೀತೀನಿ."

ಉಳಿದದ್ದು ಶನಿವಾರ ಒಂದೇ. ಸೆಕ್ರೆಟರಿಯ ಹೆಂಡತಿ ನಮ್ಮ ಪಕ್ಕದ ಮನೆಯವರೇ, ಮರಾಠಿಯವರು, ನಾನು ಮಾವಶಿ, ಎಂದರೆ ಚಿಕ್ಕಮ್ಮ, ಎನ್ನುತ್ತಿದ್ದೆ. ಮಾತು ಖಾರ, ಮನಸ್ಸು ಹಾಗಲ್ಲ. ನನ್ನ ಕತೆ ಕೇಳಿ, ಗೋಡೆ ನೋಡಲು ಟಿಕೆಟ್ ತೆಗೆಯುವ ಹುಚ್ಚು ನನಗಿಲ್ಲ ಎಂದರು. ಆಮೇಲೆ, ಹೇಗೂ ದಾದರಿನಲ್ಲಿ ಮೆಂತ್ಯ ಸೊಪ್ಪು ಅಗ್ಗ ಎಂದು ಚಪ್ಪಲಿ ಮೆಟ್ಟಿದರು. ಅವರು ಹೊರಟದ್ದು ಕಂಡು ಇನ್ನಷ್ಟು ಹೆಂಗಸರು ಚೀಲ ಹಿಡಿದು ಬಂದರು. ಸ್ಲೋ ಗಾಡಿಯಲ್ಲಿ ದಾದರಿಗೆ ಹೋಗಿ, ಸೊಪ್ಪು ಕೊಂಡು, ಫಾಸ್ಟ್ ಗಾಡಿ ಹತ್ತಿದೆವು. ಮಾವಶಿಯನ್ನು ಬಾಗಿಲಿನ ಕಂಬ ಹಿಡಿಸಿ ನಿಲ್ಲಿಸಿದೆ. ಗಾಡಿ ನಿಲ್ಲಲೇಬಾರದು ಎನ್ನುವ ಹಾಗೆ ಅವತ್ತು ಸಿಗ್ನಲ್ ಹಸಿರು. ಗಾಡಿ ಓಡುತ್ತಲೇ ಇತ್ತು. ಈ ವೇಗದಲ್ಲಿ ಏನು ಕಾಣುತ್ತದೆ?

ಗೋಡೆ ಬಂತು, ಹೋಯಿತು. ಮಾವಶಿ ಕತ್ತು ಚಾಚಿ ಹಿಂದಕ್ಕೆ ನೋಡುತ್ತಲೇ ಇದ್ದರು. ಆಮೇಲೆ ಮರಾಠಿಯಲ್ಲಿ, ಯಾರನ್ನೂ ನೋಡದೆ, "ಅದು ನಮ್ಮ ಮನೆಯಾ?" ಎಂದರು. ಬೈಕಳಾ ಬರುವವರೆಗೂ ಹಿಡಿದ ಕಂಬ ಬಿಡಲಿಲ್ಲ. ಸೊಪ್ಪಿನ ಕಟ್ಟುಗಳು ಕಾಲಡಿಯಲ್ಲಿ ಬಾಡಿದವು.

ಆ ರಾತ್ರಿ ಅವರ ಮನೆಯಲ್ಲಿ ಏನು ನಡೆಯಿತೋ ನಾನು ಕಾಣೆ. ಭಾನುವಾರ ಸುಣ್ಣದವನು ಬಂದವನು ವಾಪಸು ಹೋದ. ಸೆಕ್ರೆಟರಿ ತಮ್ಮ ಮಾತನ್ನೂ ಉಳಿಸಿಕೊಳ್ಳಬೇಕಲ್ಲ, ಗೋಡೆಯ ಬುಡಕ್ಕೆ ಎಲ್ಲ ಧರ್ಮದ ದೇವರ ಟೈಲ್ಸ್ ಸಾಲಾಗಿ ಕೂರಿಸಿದರು. ಗಂಡಸರು ಮುಂದಕ್ಕೆ ಹೋಗತೊಡಗಿದರು. ಮೇಲೆ ಬಣ್ಣ ಉಳಿಯಿತು. ಚಾಳಿಗೆ ನೆಂಟರು ಬಂದರೆ, ಹೋಗುವಾಗ ಫಾಸ್ಟ್ ಗಾಡಿಯಲ್ಲಿ ಹೋಗಿ ಎಂದು ಮಾವಶಿಯೇ ಹೇಳಿ ಕಳಿಸುತ್ತಿದ್ದರು.

ಕೆಲವು ಮಳೆಗಾಲ ಹಾಗೇ ಕಳೆಯಿತು. ಆಮೇಲೊಂದು ವರ್ಷ ಗೋಡೆ ಬಿರುಕು ಬಿಟ್ಟು ನೀರು ಒಳಕ್ಕೆ ಜಿನುಗತೊಡಗಿತು. ಮಾವಶಿಯ ಮನೆಯಲ್ಲಿ ಬಾಣಂತಿ ಸೊಸೆ, ಹಸುಗೂಸು. ತೊಟ್ಟಿಲ ಹಿಂದಿನ ಗೋಡೆಯಲ್ಲಿ ಬೂಷ್ಟು. ಹೊರಗಿನಿಂದ ಡಾಂಬರು ಬಳಿಯದೆ ಬೇರೆ ದಾರಿಯಿರಲಿಲ್ಲ. ಕಮಿಟಿಯಲ್ಲಿ ಯಾರಿಗೂ ಕಾಕಾನ ಎದುರು ಹೋಗಿ ಹೇಳುವ ಧೈರ್ಯವಿಲ್ಲ. ಮಳೆ ಹೊಳವಾದ ಒಂದು ಬೆಳಿಗ್ಗೆ ನೋಡಿದರೆ ಗಲ್ಲಿಯಲ್ಲಿ ಡಾಂಬರಿನ ಡಬ್ಬಿ ಕುದಿಯುತ್ತಿತ್ತು. ಕೂಲಿಯವರು ಮೇಲೆ ಹತ್ತಿದ್ದರು. ಕೆಳಗೆ ನಿಂತು, ಎಲ್ಲಿಂದ ಶುರು ಮಾಡಬೇಕು, ಬ್ರಷ್ ಯಾವ ಕಡೆಗೆ ಎಳೆಯಬೇಕು ಎಂದು ಹೇಳುತ್ತಿದ್ದವರು ಕಾಕಾ. ಮಾವಶಿ ಕೂಸನ್ನೆತ್ತಿಕೊಂಡು ಗಲ್ಲಿಯ ಬಾಯಲ್ಲಿ ನಿಂತು ಕಣ್ಣೊರೆಸಿಕೊಳ್ಳುತ್ತಿದ್ದರು. ಕಾಕಾ ಅತ್ತ ತಿರುಗಿ, ಕೂಸನ್ನು ಒಳಕ್ಕೆ ಒಯ್ಯಿರಿ, ಹೊಗೆ ಬರುತ್ತದೆ ಎಂದು ಗದರಿದರು.

ಮರುದಿನ ನನ್ನನ್ನು ಕರೆದರು. "ತಂಗಿ, ಫಾಸ್ಟ್ ಗಾಡ್ಯಾಗ ಹೋಗಿ ಕರಿ ಹೆಂಗ ಕಾಣ್ತೈತಿ ನೋಡ್ಕೊಂಡು ಬಾ."

ಹೋದೆ. ದೊಡ್ಡ ಕರಿಯ ಗೋಡೆ. ಅದರ ಮುಂದೆ ಹಳಿಗಳ ನಡುವೆ ಮಳೆಗೆ ಎದ್ದ ಹುಲ್ಲು. ಅಂಥ ಹಸಿರನ್ನು ನಾನು ಅದುವರೆಗೆ ಕಂಡಿರಲಿಲ್ಲ. ದಿನಾ ಅಲ್ಲೇ ಇದ್ದ ಹುಲ್ಲು, ಯಾರೋ ಈಗ ದೀಪ ಹಚ್ಚಿದ ಹಾಗೆ ಹೊತ್ತಿ ಉರಿಯುತ್ತಿತ್ತು. ಬಂದು ಹೇಳಿದೆ. ಕಾಕಾ ಕಣ್ಣು ಮುಚ್ಚಿಕೊಂಡು ಕೇಳಿದರು. ತುಟಿಯ ಕೊನೆಯಲ್ಲಿ ಸಣ್ಣ ನಗು ಇತ್ತು.

ದೀಪಾವಳಿಗೆ ಮಗಳು ಬಂದು ಅವರನ್ನು ಊರಿಗೆ ಕರೆದುಕೊಂಡು ಹೋದಳು. ಸಂಕ್ರಾಂತಿ ಕಳೆದ ಮೇಲೆ, ಇನ್ನಿಲ್ಲ ಎಂಬ ಸುದ್ದಿ ಬಂತು. ನನ್ನ ಹತ್ತಿರ ಅವರದೊಂದು ಫೋಟೋ ಕೂಡ ಇಲ್ಲ. ಗೋಡೆಯದಂತೂ ಯಾರು ತೆಗೆದಾರು... ಅದನ್ನು ಕಂಡ ಹೆಂಗಸರಲ್ಲಿ ಉಳಿದವಳು ನಾನೊಬ್ಬಳೇ ಇರಬೇಕು. ನಾನೂ ಹೋದಮೇಲೆ ಆ ನೀಲಿ ಎಷ್ಟು ಆಳವಿತ್ತೆಂದು ಹೇಳುವವರಿಲ್ಲ.

ಸಂಜೆ ಎದುರು ಫ್ಲ್ಯಾಟಿನ ಹುಡುಗಿ ಆಫೀಸಿನಿಂದ ಬಂದವಳು ತನ್ನ ಮನೆಯ ಬೀಗದ ಕೈ ಒಯ್ಯಲು ಬಂದಳು. ಕನ್ನಡದವಳೇ, ಇಲ್ಲೇ ಹುಟ್ಟಿದವಳು. ಮನಸ್ಸು ತಡೆಯದೆ, ದಾದರ್ ದಾಟಿದ ಮೇಲೆ ಹಳಿಯ ಪಕ್ಕದಲ್ಲಿ ನಮ್ಮ ಚಾಳು ಇದ್ದ ಜಾಗದ ಗುರುತು ಹೇಳಿ, ಅಲ್ಲಿ ಈಗ ಏನಿದೆ ಎಂದು ಕೇಳಿದೆ. ಅವಳು ಚಪ್ಪಲಿಯ ಬಕಲ್ ಬಿಚ್ಚುತ್ತಾ ಹೇಳಿದಳು:

"ಅಲ್ಲೇನಾ ಆಂಟಿ? ಗ್ಲಾಸ್ ಟವರ್ ಇದೆ, ಫುಲ್ ಗ್ಲಾಸ್. ಅದ್ರಲ್ಲಿ ನಮ್ ಟ್ರೇನೇ ಕಾಣ್ಸುತ್ತೆ. ನಾನು ಯಾವ ಡಬ್ಬಾದಲ್ಲಿ ಇದೀನಿ ಅಂತ ಡೇಲಿ ಹುಡುಕ್ತೀನಿ, ಸಿಗೋದೇ ಇಲ್ಲ."