ನೀಲಗಂಗಮ್ಮನ ಅರ್ಧ ಹೊಲ

ಹಿರೇಕೊಟ್ನೆಕಲ್ಲಿನ ನನ್ನ ಚಿಕ್ಕಮ್ಮ ನೀಲಗಂಗಮ್ಮ ತನ್ನ ಮಾತಿನ ಮೇಲೆ ತಾನೇ ಸಂದೇಹಪಟ್ಟ ದಾಖಲೆ ಇಲ್ಲ. ಮದುವೆಯಾಗಿ ಬಂದ ವಾರಕ್ಕೇ ಅತ್ತೆಯ ಒಲೆಯನ್ನು ಬೇರೆ ಮೂಲೆಗೆ ಹಾಕಿಸಿದವಳು. ಕಳೆದ ವರ್ಷ ಹೊಲಕ್ಕೆ ಕೈ ಹಾಕಿದಳು. ಮುಂಗಾರಿಗೆ ಹೆಸರು ಬಿತ್ತಿ, ಕಾಯಿ ಬಿಡಿಸಿ, ಹಸಿ ಗಿಡವನ್ನು ಹಾಗೇ ಮಣ್ಣಿಗೆ ಮುಚ್ಚಿ, ಹಿಂಗಾರಿಗೆ ಗೋಧಿ ಹಾಕಬೇಕು. ಗಿಡ ಕೊಳೆತು ಗೊಬ್ಬರವಾದರೆ ಆಮೇಲೆ ಯೂರಿಯಾ ಅರ್ಧ ಚೀಲ ಸಾಕು ಎಂದಳು. ದೇವದುರ್ಗದ ತವರಿನಲ್ಲಿ ಅವಳಪ್ಪ ಮಾಡುತ್ತಿದ್ದುದೇ ಹಾಗೆ.

ಹೆಸರು ಬಿತ್ತುವುದಕ್ಕೆ ಚಿಕ್ಕಪ್ಪ ಶಂಭುಲಿಂಗಪ್ಪನ ತಕರಾರಿರಲಿಲ್ಲ. ಗಿಡ ಮುಚ್ಚುವ ದಿನ ಮಾತ್ರ ಎತ್ತುಗಳ ಪರ ವಕೀಲನಾದ.

"ಎತ್ತಿನ ಬಾಯಾಗಿನ ಮೇವು ಕಸಗೊಂಡು ಮಣ್ಣಿಗಿ ಹಾಕ್ತೀ ಏನು?"

"ಮಣ್ಣೂ ಉಣ್ಣಬೇಕಲ್ರಿ. ಬಾಯಿಲ್ಲಂತ ಅದನ್ನ ಉಪವಾಸ ಕೆಡವೋದೇನು?"

ಜಗಳ ಬಗೆಹರಿಯಲಿಲ್ಲ, ಹೊಲ ಎರಡಾಯಿತು. ಅವನ ಅರ್ಧದಲ್ಲಿ ಗಿಡವನ್ನು ಬೇರುಸಮೇತ ಕಿತ್ತು ಎತ್ತಿಗೆ ಹಾಕಿದರು; ಅವಳ ಅರ್ಧದಲ್ಲಿ ನೇಗಿಲು ಹೊಡೆದು ಮುಚ್ಚಿದರು. ಎರಡಕ್ಕೂ ಒಂದೇ ಗೋಧಿ ಬೀಜ. ಯಾರ ಪಾಲು ಹೆಚ್ಚು ಬೆಳೆಯುತ್ತದೋ, ಮುಂದಿನ ವರ್ಷ ಇಡೀ ಹೊಲ ಅವರ ಮಾತು ಕೇಳಬೇಕು ಎಂದು ಕರಾರಾಯಿತು.

ತಿಂಗಳೊಪ್ಪತ್ತಿನಲ್ಲಿ ಅವಳ ಪೈರು ಕಡು ಹಸಿರಾಯಿತು, ಅವನದು ಹಳದಿಗೆ ತಿರುಗಿತು. ಚಿಕ್ಕಪ್ಪ ಮಾನ್ವಿಯಿಂದ ಯೂರಿಯಾ ತಂದು ತನ್ನ ಪಾಲಿಗೆ ಚೆಲ್ಲಿದ, ಪೈರು ಚೇತರಿಸಿತು. ಅಲ್ಲಿಗೆ ಬಿಡಬೇಕಿತ್ತು ಮಹರಾಯ! ಹೆಂಡತಿ ರಾಯಚೂರಿಗೆ ತಂಗಿಯ ಮನೆಗೆ ಹೋದಾಗ, ಅವಳಿಗೂ ಇರಲಿ ಎಂದು ಮಿಕ್ಕಿದ್ದನ್ನೆಲ್ಲ ಅವಳ ಪಾಲಿಗೆ ಚೆಲ್ಲಿ ನೀರು ಕಟ್ಟಿದ. ಪ್ರೀತಿಯಿಂದಲೇ ಮಾಡಿದ, ಸುಳ್ಳಲ್ಲ.

ಹೊಟ್ಟೆ ತುಂಬ ಉಂಡವರಿಗೆ ಮತ್ತೆ ಬಡಿಸಿದಂತಾಯಿತು. ಅವಳ ಗೋಧಿ ಮೈಬಿಟ್ಟು ಬೆಳೆದು, ಕಾಳಿಗೆ ಹಾಲು ತುಂಬುವ ಹೊತ್ತಿಗೆ ಒಂದೇ ಗಾಳಿಗೆ ನೆಲಕ್ಕೆ ಮಲಗಿತು. ಅವನದು ನೆಟ್ಟಗೆ ನಿಂತಿತ್ತು.

ಚಿಕ್ಕಮ್ಮ ಬದುವಿನ ಮೇಲೆ ಕೂತು ಅತ್ತಳು. ಅವಳು ಅತ್ತಿದ್ದನ್ನು ನಾನು ನೋಡಿದ್ದು ಅದೊಂದೇ ಸಲ. ಆಗ ಚಿಕ್ಕಪ್ಪ ಬಾಯಿಬಿಟ್ಟ.

"ನಾನೇ ಯೂರಿಯಾ ಹಾಕೀನಿ. ನಿನಗ ಚಲೋ ಆಗ್ಲಿ ಅಂತ."

ಸೆರಗಿನಿಂದ ಕಣ್ಣೊರೆಸಿಕೊಂಡಳು. "ಹಂಗಾದ್ರ ನಾ ಸೋತಿಲ್ಲ ಬಿಡ್ರಿ. ಸುಗ್ಗಿಗಿ ಈ ಮಲಗಿದ್ದನ್ನ ನೀವೇ ಕುಂತು ಕೊಯ್ರಿ."

ಕೊಯ್ದ. ರಾಶಿಯಲ್ಲಿ ಅವನ ಪಾಲೇ ಹೆಚ್ಚಾಯಿತು. ಕರಾರಿನಂತೆ ಈ ವರ್ಷ ಇಡೀ ಹೊಲ ಅವನ ಮಾತು ಕೇಳಬೇಕಿತ್ತು.

ಕೇಳಿತು. ಹೆಸರುಕಾಯಿ ಬಿಡಿಸಿದ ಮರುದಿನ ನಾನು ಹೋದಾಗ, ಚಿಕ್ಕಪ್ಪ ಇಡೀ ಹೊಲಕ್ಕೆ ನೇಗಿಲು ಹೂಡಿ ಗಿಡ ಮುಚ್ಚುತ್ತಿದ್ದ. ಬಲಗಡೆಯ ಎತ್ತು ಹಸಿರಿಗೆ ಬಾಯಿ ಹಾಕಿತು. ಹಗ್ಗ ಜಗ್ಗಿ ಗದರಿದ:

"ಬಿಡಲೇ, ಅದು ನಿಂದಲ್ಲ. ಗೋಧೀದು."