ಕಣ್ಣು ಮುಚ್ಚಿ ಯೋಚಿಸುತ್ತಿದ್ದವರ ಫೋಟೋ

ನನ್ನ ಫೋನು ಟಿಕ್ ಅಂದಿದ್ದೂ, ಎದುರಿಗೆ ಕೂತಿದ್ದ ಮನುಷ್ಯನ ಹೆಂಡತಿ ಕಾಫಿ ಹಿಡಿದು ನನ್ನ ಹಿಂದೆ ಬಂದು ನಿಂತಿದ್ದೂ ಒಟ್ಟಿಗೇ ಆಯಿತು. ಮೈಸೂರಿನ ವಿಮಾನ ನಿಲ್ದಾಣದಲ್ಲಿ ಆತ ಕೂತಲ್ಲೇ ಬಾಯಿ ತೆರೆದುಕೊಂಡು ಮಲಗಿದ್ದ. ಕನ್ನಡಕ ಜಾರಿ ಗಲ್ಲಕ್ಕೆ ಬಂದಿತ್ತು. ವಿಮಾನ ತಡ, ಹೊತ್ತು ಹೋಗುತ್ತಿರಲಿಲ್ಲ, ನಗು ಬಂತು, ಫೋಟೋ ತೆಗೆದುಬಿಟ್ಟೆ. ಈಗ ಪೊಲೀಸರನ್ನು ಕರೆಯುತ್ತಾಳೆ ಅಂದುಕೊಂಡೆ.

“ತಪ್ಪಾಯ್ತು ಕಣಮ್ಮ, ಅಳಿಸ್ಬುಡ್ತೀನಿ” ಅಂದೆ. ಅಳಿಸುವುದು ಹೇಗೆ ಅಂತ ನನಗೆ ಗೊತ್ತೇ ಇರಲಿಲ್ಲ.

“ಅಯ್ಯೋ, ಅಳಿಸ್ಬೇಡಿ ಅಜ್ಜಿ! ದಿನಾ ಹಿಂಗೇ ನಿದ್ದೆ ಹೊಡೀತಾರೆ. ಎಬ್ಬಿಸಿದ್ರೆ, ಕಣ್ಮುಚ್ಕೊಂಡು ಯೋಚ್ನೆ ಮಾಡ್ತಿದ್ದೆ ಅಂತಾರೆ. ಮೊದ್ಲು ನಂಗೆ ಕಳ್ಸಿ” ಅಂದವಳೇ ನನ್ನ ಕೈಯಿಂದ ಫೋನು ಇಸಿದುಕೊಂಡು ತಾನೇ ಕಳಿಸಿಕೊಂಡಳು. ಗಂಡನನ್ನು ತಿವಿದು ಎಬ್ಬಿಸಿ ತೋರಿಸಿದಳು.

ಆತ ಕನ್ನಡಕ ಮೇಲಕ್ಕೇರಿಸಿ, ಫೋಟೋವನ್ನು ಚೆನ್ನಾಗಿ ನೋಡಿ, “ಇದು ಭಾರೀ ಯೋಚ್ನೆ ಮಾಡ್ತಿದ್ದಾಗ ತೆಗ್ದಿರೋದು ಕಣೇ” ಅಂದ.

ನಮ್ಮ ಯಜಮಾನರೂ ಟಿವಿ ಮುಂದೆ ಹೀಗೇ ಯೋಚನೆ ಮಾಡುತ್ತಿದ್ದರು. ಸಾಯುವ ತನಕ ಒಪ್ಪಿಕೊಳ್ಳಲಿಲ್ಲ. ಆಗ ಕೈಯಲ್ಲೊಂದು ಫೋನಿದ್ದಿದ್ದರೆ ಒಪ್ಪಿಸುತ್ತಿದ್ದೆ ಅಂತ ಇಷ್ಟು ದಿನ ನನಗೊಂದು ಕೊರಗಿತ್ತು. ಈಗ ಇಲ್ಲ.