ಮುಚ್ಚಬಾರದಿದ್ದ ಬೋಲ್ಟು

ಮೊನ್ನೆ ಹಿಮ್ಮಡಿಗೆ ಅಂಟಿಸಲೆಂದು ಬಿಳಿ ಪ್ಲಾಸ್ಟರಿನ ಸುರುಳಿ ಬಿಚ್ಚಿದೆ. ಆ ಅಂಟಿನ ವಾಸನೆ ಮೂಗಿಗೆ ಬಡಿದದ್ದೇ ತಡ, ರಾಯಕೋಟೆಯ ಸೋದರತ್ತೆ ಕಣ್ಣ ಮುಂದೆ ಬಂದು ಕೂತಳು... ಜೊತೆಗೆ ಹಳೆಯ ಸಿಟ್ಟೂ ಬಂತು.

ಎಪ್ಪತ್ತರ ದಶಕದ ಮಾತು. ಮಿಲಿಟರಿಯಲ್ಲಿದ್ದ ಮಾವ ತೀರಿಕೊಂಡ ಮೇಲೆ, ಕಡಲೆಕಾಯಿ ಹೊಲಕ್ಕೆ ನುಗ್ಗುವ ಹಂದಿ ಬೆದರಿಸಲು ಇದ್ದ ರೈಫಲ್ಲಿನ ಲೈಸೆನ್ಸು ಅತ್ತೆಯ ಹೆಸರಿಗೆ ಬಂತು. ಅದರೊಳಗೆ ತೋಟಾದ ಬುಡಕ್ಕೂ ಹಿಂದಿನಿಂದ ಬಾಗಿಲಿನಂತೆ ಮುಚ್ಚುವ ಬೋಲ್ಟಿಗೂ ನಡುವಿನ ಸಂದು ಅಳೆಯುವ ಗೇಜು ಹಳ್ಳಿಯಲ್ಲಿ ಎಲ್ಲಿದ್ದೀತು? ವರ್ಷಕ್ಕೊಮ್ಮೆ ಮಾವ ಕಲಿಸಿದ ಉಪಾಯವೇ ಗತಿ. ಮದ್ದು ತೆಗೆದ ತೋಟಾದ ಬುಡಕ್ಕೆ ಎರಡು ಪದರ ಪ್ಲಾಸ್ಟರ್ ಅಂಟಿಸಿ, ಒಳಗಿಟ್ಟು, ಬೆರಳ ತುದಿಯಲ್ಲಿ ಬೋಲ್ಟು ಒತ್ತಬೇಕು. ಮುಚ್ಚದೆ ತಡೆದರೆ ಸರಿ. ಸಲೀಸಾಗಿ ಮುಚ್ಚಿಕೊಂಡರೆ ಸಂದು ಹೆಚ್ಚಿದೆ. ಹೊಡೆದಾಗ ತೋಟಾ ಸೀಳಿ ಬೆಂಕಿ ಮುಖಕ್ಕೇ ಬಂದೀತು.

ಒಂದು ವರ್ಷ ಬೋಲ್ಟು ಸಲೀಸಾಗಿ ಮುಚ್ಚಿಕೊಂಡಿತು.

ಅತ್ತೆ ಅದನ್ನು ಕೃಷ್ಣಗಿರಿಯ ಬಂದೂಕು ರಿಪೇರಿಯವನ ಬಳಿ ಒಯ್ದಳು. ಅವನು ಬರಿದೇ ಬೋಲ್ಟು ಆಡಿಸಿ, "ವೆಣ್ಣೆ ಮಾದಿರಿ ಮೂಡುದಮ್ಮಾ," ಬೆಣ್ಣೆ ಹಾಗೆ ಮುಚ್ಚುತ್ತೆ ಎಂದ.

"ಅದೇ ಅಲ್ವೇನಯ್ಯಾ ರೋಗ!" ಎಂದಳಂತೆ ಅತ್ತೆ. ಯಾರು ಕೇಳಬೇಕು?

ಮನೆಯಲ್ಲಿ ಅವಳ ಮೈದುನ ಹೀಯಾಳಿಸಿದ. "ಏನತ್ಗೆ, ಬಂದೂಕ್ಗೂ ಗಾಯ ಆಗೈತಾ, ಪಟ್ಟಿ ಹಾಕ್ತಿದ್ದೀಯ?"

"ಗಾಯ ನಿಂಗಾಗ್ತದೆ ಕಣ್ಲಾ. ಮುಟ್ಬ್ಯಾಡ ಅದನ್ನ."

ಅವಳು ಸಂತೆಗೆ ಹೋದ ದಿನ ಅವನು ರೈಫಲ್ ಎತ್ತಿಕೊಂಡು ಹೋಗಿ ಹಂದಿಗೆ ಹೊಡೆದ. ತೋಟಾ ಸೀಳಿ ಅವನ ಬಲಗಣ್ಣು ಹೋಯಿತು.

ಆಮೇಲೆ ನಡೆದದ್ದು ನೆನೆದರೆ ಈಗಲೂ ಮೈ ಉರಿಯುತ್ತದೆ. ಬೆಣ್ಣೆ ಎಂದವನನ್ನು ಒಬ್ಬರೂ ಕೇಳಲಿಲ್ಲ. ಇಡೀ ಮನೆ ಅತ್ತೆಯ ಮೇಲೆ ಬಿತ್ತು: "ಇವ್ಳು ಒಳಕ್ಕೆ ಪ್ಲಾಸ್ಟರ್ ಮೆತ್ತಿದ್ಕೇ ಸಿಡೀತು!" ಪ್ಲಾಸ್ಟರ್ ಅಂಟಿಸಿದ್ದ ತೋಟಾ ಅವಳ ಅಂಗೈಯಲ್ಲೇ ಇತ್ತು, ರೈಫಲ್ಲಿನೊಳಗೆ ಇರಲೇ ಇಲ್ಲ. ಚಾಚಿ ತೋರಿಸಿದಳು. ಯಾರೂ ನೋಡಲಿಲ್ಲ. ಇದೆಂಥ ನ್ಯಾಯ?

ಒಮ್ಮೆ ನಾನೇ ರೇಗಿದೆ. "ನೀನ್ ಹೇಳಿದ್ದೇ ನಿಜ ಆಯ್ತಲ್ಲತ್ತೆ, ಕೂಗಿ ಹೇಳ್ಬಾರ್ದಾ?"

"ನಿಜ ಆಗಿ ಏನ್ ಬಂತ್ಲಾ? ನನ್ ಮಾತು ಸುಳ್ಳಾಗಿದ್ರೆ ಅವ್ನ್ ಕಣ್ಣು ಉಳೀತಿತ್ತು," ಎಂದು ಮೈದುನನಿಗೆ ಗಂಜಿ ಆರಿಸತೊಡಗಿದಳು.

ಅತ್ತೆ ಹೋಗಿ ಬಹಳ ಕಾಲವಾಯಿತು... ಕಳೆದ ತಿಂಗಳು ಹೊಸೂರಿನ ನೆಂಟರ ಮನೆಯಲ್ಲಿ ಊಟಕ್ಕೆ ಕೂತಿದ್ದಾಗ ಆ ಮನೆಯ ಹೊಸ ಸೊಸೆ ಗೋಡೆಯ ಮೇಲಿದ್ದ ಅತ್ತೆಯ ಫೋಟೋ ನೋಡಿ, "ಮೈದುನನ ಕಣ್ಣು ತೆಗೆದೋರು ಅಂದ್ರೆ ಇವ್ರೇನಾ?" ಎಂದಳು. "ಅಲ್ಲ!" ಎಂದು ನಾನು ಕೂಗಿದ್ದಕ್ಕೆ ಪಂಕ್ತಿಯೆಲ್ಲ ತಿರುಗಿ ನೋಡಿತು. ನೋಡಲಿ. ಅಲ್ಲ ಎನ್ನಲು ಅತ್ತೆ ಈಗಿಲ್ಲ... ಇದ್ದಾಗಲೂ ಅಂದವಳಲ್ಲ.